ಕಿವಿಯಲ್ಲಿ ಹೇಳಿದ ತೂಕ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಮ್ಮೆ ನನ್ನ ಬಾಯಿಂದಲೇ ಆ ಹೆಸರಿಗೆ ಮಸಿ ಹತ್ತಿತು. ಅದನ್ನು ಮತ್ತೆ ಮುಟ್ಟುವ ಧೈರ್ಯ ನನಗಿಲ್ಲ. ಶಿಕಾರಿಪುರದ ಒಂದು ಮಂಡಿಯಲ್ಲಿ ಭತ್ತ, ಹುರುಳಿ, ಮೆಣಸಿನಕಾಯಿ ತೂಗುತ್ತಿದ್ದವರು ಎಂದರೆ ಸಾಕು. ಸುತ್ತಲ ಹಳ್ಳಿಯ ರೈತರು ಅವರನ್ನು ‘ತೂಕದವ್ರು’ ಎಂದು ಗೌರವದಿಂದ ಕರೆಯುತ್ತಿದ್ದರು. ನಾನು ಮಾತ್ರ ‘ಏನಯ್ಯಾ’ ಅನ್ನುತ್ತಿದ್ದೆ. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು ಅವರು. ಸರ್ಕಾರಿ ನೌಕರನಾದವನು ಮಂಡಿಯ ಆಳನ್ನು ಏಕವಚನದಲ್ಲಿ ಮಾತಾಡಿಸಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ, ನಾನೇ ಕಲಿತುಕೊಂಡಿದ್ದೆ. ಈಗ ‘ಅವರು’ ಎಂದು ಬರೆಯುತ್ತಿರುವುದು ತೀರಾ ತಡವಾಗಿ ಸಲ್ಲಿಸುತ್ತಿರುವ ಮರ್ಯಾದೆ.

ಕುಬಟೂರಿನವರು. ಎತ್ತರದ ಆಳು, ಮೈಯಲ್ಲಿ ಮಾಂಸವೆಂಬುದು ಇರಲಿಲ್ಲ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ. ತೂಗಲು ನಿಂತರೆ ಮೊದಲು ಆ ಕರಡಿಗೆಯನ್ನು ಬೆನ್ನಿನ ಕಡೆ ಸರಿಸಿಕೊಳ್ಳುತ್ತಿದ್ದರು. ತಕ್ಕಡಿಯ ಸರಪಳಿಗೆ ಅದು ತಾಗಿದರೆ ತೂಕ ಕೆಡುತ್ತದೆ ಎಂದೋ, ದೇವರು ವ್ಯಾಪಾರಕ್ಕೆ ತಾಗಬಾರದು ಎಂದೋ, ಕೇಳಿದವರಿಗೆ ನಗುತ್ತಿದ್ದರೇ ಹೊರತು ಹೇಳುತ್ತಿರಲಿಲ್ಲ. ಕಲ್ಲು ಇಟ್ಟ ಮೇಲೆ ಎರಡೂ ಕೈ ಹಿಂದಕ್ಕೆ ಕಟ್ಟಿ ದೂರ ಸರಿದು ನಿಲ್ಲುವರು. “ಮುಳ್ಳು ನಿಲ್ಲೋತನಕ ತೂಗೋನು ಮಾತಾಡಬಾರ್ದು ನೋಡ್ರಿ,” ಎನ್ನುವುದು ಅವರು ಪದೇ ಪದೇ ಹೇಳುತ್ತಿದ್ದ ಮಾತು. ಮುಳ್ಳು ನಿಂತ ಮೇಲೂ ಅವರು ಹೆಚ್ಚು ಮಾತಾಡಿದ್ದನ್ನು ನಾನು ಕಾಣೆ.

ಮಂಡಿಯ ತೂಕಕ್ಕೆ ಒಂದು ಕ್ರಮವಿತ್ತು. ಕಲ್ಲು ಎತ್ತಿಡುವಾಗ ಗಟ್ಟಿಯಾಗಿ ಎಣಿಸಬೇಕು. ಮಾಲು ತಂದ ರೈತನಿಗೂ ಕೊಳ್ಳುವವನಿಗೂ ಕೇಳಬೇಕು. ಎಣಿಕೆಯಲ್ಲಿ ಮೊದಲನೆಯದನ್ನು ‘ಒಂದು’ ಎನ್ನುವಂತಿಲ್ಲ, ‘ಲಾಭ’ ಎನ್ನಬೇಕು. ಲಾಭ, ಎರಡು, ಮೂರು, ನಾಲ್ಕು. ಅವರ ‘ಲಾಭ’ದ ಕೂಗು ಬಸ್ಸು ನಿಲ್ಲುವ ಜಾಗದವರೆಗೂ ಕೇಳುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು.

ಇಂಥ ತಕ್ಕಡಿಯ ಮೇಲೆ ನಾವು ನಾಲ್ಕು ಜನ ಗಂಡಸರು ಹೋಗಿ ಕೂತದ್ದು ಹೇಗೆ ಎಂಬುದನ್ನು ಹೇಳಬೇಕು. ಆಗ ನಾನು ತಾಲ್ಲೂಕು ಕಚೇರಿಯಲ್ಲಿ ಮೋಜಣಿದಾರ. ಶಿಕಾರಿಪುರ, ಸೊರಬ ಎರಡೂ ಕಡೆ ಜಮೀನು ಅಳೆಯುವ ಕೆಲಸ. ಮೋಜಣಿದಾರ ಊರಿಗೆ ಬಂದ ಎಂದರೆ ಆ ದಿನ ಆ ಮನೆಯಲ್ಲಿ ಹೋಳಿಗೆಯೋ ಕಡುಬೋ ಆಗಲೇಬೇಕು. ಬೇಡ ಎಂದರೆ ಅಳತೆಯಲ್ಲಿ ಏನೋ ಎಡವಟ್ಟು ಮಾಡುತ್ತಾನೆ ಎಂದು ರೈತನಿಗೆ ಭಯ. ನಾನು ಯಾರನ್ನೂ ಭಯಪಡಿಸಲಿಲ್ಲ. ಹೀಗೆ ಐದಾರು ವರ್ಷ ಯಾರಿಗೂ ಭಯವಾಗದಂತೆ ಉಂಡು, ಬದುವಿನ ಮೇಲೆ ಇಪ್ಪತ್ತು ಹೆಜ್ಜೆ ನಡೆದರೆ ಏದುಸಿರು ಬಿಡುವ ಹಂತಕ್ಕೆ ಬಂದಿದ್ದೆ. ಆಸ್ಪತ್ರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಮೈ ಇಳಿಸದಿದ್ದರೆ ಮಕ್ಕಳ ಮದುವೆ ನೋಡುವುದಿಲ್ಲ ಎಂದು ನೇರವಾಗಿ ಹೇಳಿಬಿಟ್ಟರು. ಅದೇ ವಾರ ಅದೇ ಮಾತನ್ನು ಬಟ್ಟೆ ಅಂಗಡಿಯ ಸಾಹುಕಾರರಿಗೂ ಮಿಡ್ಲ್‌ಸ್ಕೂಲಿನ ಹೆಡ್‌ಮಾಸ್ತರಿಗೂ ಪೋಸ್ಟ್‌ಮಾಸ್ತರಿಗೂ ಹೇಳಿದ್ದರಂತೆ. “ಒಬ್ಬೊಬ್ರೇ ಆದ್ರೆ ನಾಲ್ಕು ದಿನಕ್ಕೆ ಬಿಟ್‌ಬಿಡ್ತೀರಿ. ಜೊತೆಯಾಗಿ ಮಾಡಿ,” ಎಂದು ನಮ್ಮನ್ನು ಒಟ್ಟು ಹಾಕಿದವರೂ ಅವರೇ.

ಹೀಗೆ ಹುಟ್ಟಿತು ನಮ್ಮ ಕೂಟ. ಪೇಟೆಯವರು ಅದಕ್ಕೆ ‘ಎಂಟು ಮಣದ ಸಂಘ’ ಎಂದು ಹೆಸರಿಟ್ಟರು. ಆಗಿನ್ನೂ ನಮ್ಮ ಕಡೆ ಕಿಲೋ ಬಂದಿರಲಿಲ್ಲ. ನಲವತ್ತು ಸೇರಿಗೆ ಒಂದು ಮಣ, ಈಗಿನ ಹನ್ನೊಂದು ಕಿಲೋ ಚಿಲ್ಲರೆ. ನಾಲ್ವರಲ್ಲಿ ಎಂಟು ಮಣಕ್ಕೆ ಕಡಿಮೆ ಇದ್ದವರು ಯಾರೂ ಇರಲಿಲ್ಲ. ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯುವುದು, ಅನ್ನ ಒಂದೇ ಹೊತ್ತು, ಸಿಹಿ ತಿಂದವನು ಮರುದಿನ ನಡಿಗೆಯಲ್ಲಿ ತಾನಾಗಿಯೇ ಹೇಳಿಬಿಡುವುದು. ಸಂತೆಯ ಮರುದಿನ ಮಂಡಿ ಖಾಲಿ ಇರುವ ಹೊತ್ತಿನಲ್ಲಿ ಹೋಗಿ ತೂಗಿಸಿಕೊಳ್ಳುವುದು.

ಮೊದಲ ವಾರ ತೂಕದವರು ಅಭ್ಯಾಸಬಲದಿಂದ ಗಟ್ಟಿಯಾಗಿಯೇ ಎಣಿಸಿದರು. ತಕ್ಕಡಿಯ ತಟ್ಟೆಯ ಮೇಲೆ ಕಾಲು ಮಡಚಿ ಕೂತವರು ಹೆಡ್‌ಮಾಸ್ತರು. “ಲಾಭಾ…” ಎಂದು ಕೂಗು ಎದ್ದದ್ದೇ ತಡ, ಹೊರಗೆ ಮೂಟೆ ಒರಗಿಕೊಂಡು ಕೂತಿದ್ದ ಹಮಾಲರು ಬಿದ್ದು ಬಿದ್ದು ನಕ್ಕರು. ಅವರಲ್ಲಿ ಇಬ್ಬರು ಹೆಡ್‌ಮಾಸ್ತರ ಹಳೆಯ ಶಿಷ್ಯರೇ ಆಗಿದ್ದರು. ಹೆಡ್‌ಮಾಸ್ತರ ಮುಖ ಕಪ್ಪಿಟ್ಟಿತು. ತೂಕದವರು ಎಣಿಸುವುದನ್ನು ನಿಲ್ಲಿಸಿ, ಹೋಗಿ ಬಾಗಿಲು ಎಳೆದುಕೊಂಡು ಬಂದರು. ಉಳಿದ ಕಲ್ಲುಗಳನ್ನು ಸದ್ದಿಲ್ಲದೆ ಇಟ್ಟು, ಬಗ್ಗಿ, ಹೆಡ್‌ಮಾಸ್ತರ ಕಿವಿಯಲ್ಲಿ ಅದೇನೋ ಹೇಳಿದರು.

ಮುಂದಿನ ವಾರದಿಂದ ಅದೇ ಪದ್ಧತಿಯಾಯಿತು. ತಟ್ಟೆಯ ಮೇಲೆ ಒಗೆದ ಗೋಣಿತಾಟು ಹಾಸಿರುತ್ತಿದ್ದರು. ಒಬ್ಬೊಬ್ಬರೇ ಒಳಗೆ ಹೋಗಬೇಕು, ಉಳಿದವರು ಹೊರಗಿನ ಕಟ್ಟೆಯ ಮೇಲೆ ಕಾಯಬೇಕು. ಅವರು ತೂಕವನ್ನು ಕಿವಿಯಲ್ಲಿ ಹೇಳುವರು. ಹೊರಗೆ ಬಂದು ನಾವೇ ನಮ್ಮ ಬಾಯಿಂದ ಉಳಿದವರಿಗೆ ಹೇಳಿಕೊಳ್ಳಬೇಕು. ಸಾಹುಕಾರರು ಒಮ್ಮೆ ಕುತೂಹಲ ತಡೆಯಲಾರದೆ ಪೋಸ್ಟ್‌ಮಾಸ್ತರ ತೂಕ ಎಷ್ಟು ಎಂದು ತೂಕದವರನ್ನೇ ಕೇಳಿದರು.

“ಒಬ್ರ ತೂಕ ಇನ್ನೊಬ್ರಿಗೆ ಹೇಳಂಗಿಲ್ರಿ ಸಾಹುಕಾರ್ರ. ಅದು ಅವ್ರದ್ದು, ಅವ್ರೇ ಹೇಳ್ಬೇಕು.”

ಈ ಕೂಟ ಎಂಥದ್ದಾಗಿತ್ತು ಎಂದು ಹೇಳದೆ ಮುಂದೆ ಹೋದರೆ ನನ್ನ ತಪ್ಪು ಸಣ್ಣದಾಗಿ ಕಾಣುತ್ತದೆ. ಮಗಳ ಮದುವೆ ಮುಗಿಸಿ ಬಂದ ಸಾಹುಕಾರರು ಒಂದು ವಾರ ನಾಲ್ಕು ಸೇರು ಏರಿದ್ದರು. ಹೊರಗೆ ಬಂದು ತಲೆ ತಗ್ಗಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಕಟ್ಟೆಯ ಮೇಲೆ ಕುಸಿದು ಕೂತರು. ಊರಿನಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಮನುಷ್ಯ, ಕಣ್ಣಲ್ಲಿ ನೀರು. ನಾವು ಯಾರೂ ನಗಲಿಲ್ಲ. ಪೋಸ್ಟ್‌ಮಾಸ್ತರು ಅವರ ಕೈ ಹಿಡಿದು ಎಬ್ಬಿಸಿ, “ನಡೀರಿ, ಏರಿ ಮೇಲೆ ಇನ್ನೊಂದು ಸುತ್ತು ಹಾಕಿ ಬರೋಣ,” ಎಂದರು. ಬಿಸಿಲೇರಿದ್ದರೂ ನಾಲ್ವರೂ ಹೋದೆವು. ನಾನೂ ಹೋಗಿದ್ದೆ. ಅಂದರೆ ನಿಜ ಹೇಳಿದವನಿಗೆ ಅಲ್ಲಿ ಏನು ಸಿಗುತ್ತದೆ ಎಂಬುದನ್ನು ಕಣ್ಣಾರೆ ಕಂಡವನು ನಾನು.

ಆದರೆ ನನಗೆ ಆಗಲೇ ಹೊಗಳಿಕೆಯ ರುಚಿ ಹತ್ತಿತ್ತು. ಮೊದಲ ದಿನ ಎಂಟು ಮಣ ಹನ್ನೆರಡು ಸೇರು ಇದ್ದವನು ಎರಡು ವಾರದಲ್ಲಿ ಏಳು ಸೇರು ಇಳಿದಿದ್ದೆ. ಅದು ನಿಜವಾದ ಇಳಿಕೆ. ಹೆಡ್‌ಮಾಸ್ತರು ಎಲ್ಲರೆದುರು, “ಇವರನ್ನ ನೋಡಿ ಕಲೀಬೇಕು. ಮನೇಲಿ ಕೂತ ನಮಗೇ ಆಗ್ಲಿಲ್ಲ, ಊರೂರು ತಿರುಗೋ ಮನುಷ್ಯ ಮಾಡಿ ತೋರಿಸಿದ್ರು,” ಎಂದು ಬೆನ್ನು ತಟ್ಟಿದ್ದರು. ಹುಟ್ಟಿದಾಗಿನಿಂದ ನನ್ನ ಮೈಯ ಬಗ್ಗೆ ಯಾರೂ ಒಂದು ಒಳ್ಳೆಯ ಮಾತಾಡಿರಲಿಲ್ಲ. ಮುಂದಿನ ವಾರ ಸೊರಬದ ಕಡೆ ಐದು ದಿನದ ಕೆಲಸ. ಐದೂ ದಿನ ಹೋಳಿಗೆ, ಅದರ ಮೇಲೆ ತುಪ್ಪ. ಬಂದು ತಟ್ಟೆಯ ಮೇಲೆ ಕೂತಾಗ ಅವರು ಕಿವಿಯ ಹತ್ತಿರ ಬಗ್ಗಿ, “ಮೂರು ಸೇರು ಏರೈತ್ರಿ ಸ್ವಾಮಿ. ಇರ್ಲಿ, ಮುಂದಿನ ವಾರ ನೋಡಾಣ,” ಎಂದರು.

ನಾನು ಹೊರಗೆ ಬಂದೆ. ಮೂರು ಮುಖಗಳು ನನ್ನನ್ನೇ ನೋಡುತ್ತಿದ್ದವು. “ಎರಡು ಸೇರು ಇಳಿದೆ,” ಎಂದೆ. ಅಷ್ಟು ಸಲೀಸಾಗಿ ಬಂತು ಮಾತು. ಚಪ್ಪಾಳೆ ಬಿತ್ತು. ತಿರುಗಿ ನೋಡಿದರೆ ಅವರು ಬಾಗಿಲಲ್ಲಿ ನಿಂತಿದ್ದರು. ಕೇಳಿಸಿಕೊಂಡಿದ್ದರು. ಒಂದು ಕ್ಷಣ ನನ್ನನ್ನು ನೋಡಿ, ಒಳಗೆ ಹೋಗಿ ಗೋಣಿತಾಟು ಮಡಚತೊಡಗಿದರು.

ಆಮೇಲೆ ಪ್ರತಿ ವಾರ ಅದೇ ಆಯಿತು. ಒಳಗೆ ಒಂದು ತೂಕ, ಹೊರಗೆ ಒಂದು ತೂಕ. ನಾಲ್ಕನೆಯ ಸುಳ್ಳಿನ ಮರುದಿನ ಬೆಳಿಗ್ಗೆ ಏರಿಯ ಮೇಲೆ ನಾನು ಉಳಿದವರಿಗಿಂತ ಹಿಂದೆ ಬಿದ್ದಿದ್ದಾಗ ತೂಕದವರು ಪಕ್ಕಕ್ಕೆ ಬಂದು ಸೇರಿಕೊಂಡರು. ಮೈ ಇಳಿಸುವ ಅಗತ್ಯ ಅವರಿಗೆಲ್ಲಿತ್ತು? ಜೊತೆಗೆ ನಡೆಯುತ್ತಾ ಹೇಳಿದರು:

“ಸ್ವಾಮಿ, ನೀವು ಹೇಳಿದ್ದು ಹೇಳಿದಲ್ಲೇ ಇರ್ಲಿ. ಇದ್ದದ್ದನ್ನ ಅಲ್ಲಿಗೆ ಇಳಿಸಾಣ. ಎರಡು ತಿಂಗ್ಳು ಮನಸ್ಸು ಮಾಡಿದ್ರ ಎರಡೂ ಒಂದಾಗ್ತಾವ. ಯಾರಿಗೂ ಗೊತ್ತಾಗಂಗಿಲ್ಲ.”

ಆ ಮಾತಿನಲ್ಲಿ ಒಂದಿಷ್ಟೂ ಚುಚ್ಚು ಇರಲಿಲ್ಲ. ನನಗೆ ಸಿಟ್ಟು ಬಂತು. ಸಿಕ್ಕಿಬಿದ್ದವನಿಗೆ ಬರುವ ಸಿಟ್ಟು. “ನಿನ್ನ ಕೆಲಸ ನೀನು ನೋಡಿಕೋ,” ಎಂದೆ. ಅವರು ತಲೆಯಾಡಿಸಿ ನನ್ನ ಜೊತೆಗೇ ನಡೆದರು. ಮರುದಿನವೂ ಬಂದರು. ನಾನು ಹಳ್ಳಿಗೆ ಹೊರಡುವ ದಿನ ಬೆಳಿಗ್ಗೆ ಬಸ್ಸಿನ ಹತ್ತಿರ ಬಂದು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಕಟ್ಟಿದ ಗಂಟು ಕೈಗಿಡುತ್ತಿದ್ದರು. “ಡಾಕ್ಟ್ರು ಇದನ್ನೇ ತಿನ್ನಾಕ ಹೇಳ್ಯಾರ ಅನ್ರಿ. ರೈತ್ರೂ ಬ್ಯಾಸರ ಮಾಡ್ಕೊಳ್ಳಂಗಿಲ್ಲ.” ಮಂಡಿಯ ಹಿಂದಿನ ಒಂಟಿ ಕೋಣೆಯಲ್ಲಿದ್ದ ಮನುಷ್ಯ ಕತ್ತಲಲ್ಲೇ ಎದ್ದು ತಾವೇ ತಟ್ಟಿದ ರೊಟ್ಟಿ ಅವು. ನಾನು ಏನು ಮಾಡುತ್ತಿದ್ದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಬಸ್ಸಿನಲ್ಲಿ ರೊಟ್ಟಿ ತಿಂದು, ಊರಿಗೆ ಹೋಗಿ ಹೋಳಿಗೆಯನ್ನೂ ತಿನ್ನುತ್ತಿದ್ದೆ.

ಮೂರು ತಿಂಗಳು ಕಳೆಯಿತು. ನಾನು ಹೊರಗೆ ಹೇಳಿದ ಲೆಕ್ಕದಲ್ಲಿ ಏಳು ಮಣ ಇಪ್ಪತ್ತು ಸೇರಿಗೆ ಬಂದಿದ್ದೆ. ಮೈ ಅಷ್ಟು ಕರಗಿದಂತೆ ಕಾಣುವುದಿಲ್ಲವಲ್ಲ ಎಂದು ಯಾರಾದರೂ ಅಂದರೆ, ನನ್ನದು ಮೂಳೆ ದಪ್ಪ ಎನ್ನುತ್ತಿದ್ದೆ. ಅಷ್ಟರಲ್ಲಿ ಆಸ್ಪತ್ರೆಗೆ ನಿಂತು ತೂಗುವ ಹೊಸ ಯಂತ್ರ ಬಂತು. ಡಾಕ್ಟರು ಉತ್ಸಾಹದಿಂದ ನಮ್ಮ ನಾಲ್ವರನ್ನೂ ಕರೆಸಿ ಒಬ್ಬೊಬ್ಬರನ್ನಾಗಿ ಹತ್ತಿಸಿದರು. ಯಂತ್ರ ಪೌಂಡಿನಲ್ಲಿ ತೋರಿಸಿದ್ದನ್ನು ಪೆನ್ಸಿಲಿನಿಂದ ಮಣ ಸೇರಿಗೆ ಇಳಿಸಿ ಓದಿದರು. ಉಳಿದ ಮೂವರದ್ದು ಮಂಡಿಯ ತೂಕಕ್ಕೆ ಒಂದು ಸೇರಿನ ಆಚೆ ಈಚೆ ಸರಿಹೋಯಿತು. ನನ್ನದು ಎಂಟು ಮಣ ಎಂಟು ಸೇರು. ಇಪ್ಪತ್ತೆಂಟು ಸೇರಿನ ವ್ಯತ್ಯಾಸ.

“ಏನ್ರೀ ಇದು?” ಎಂದರು ಹೆಡ್‌ಮಾಸ್ತರು. ಅದರಲ್ಲಿ ಆರೋಪವಿರಲಿಲ್ಲ, ಆಶ್ಚರ್ಯವಷ್ಟೇ ಇತ್ತು. ಆಗಲೂ ಹೇಳಬಹುದಿತ್ತು. ಹೇಳಿದ್ದರೆ ನನ್ನನ್ನೂ ಕೈ ಹಿಡಿದು ಏರಿಯ ಮೇಲೆ ಕರೆದುಕೊಂಡು ಹೋಗುತ್ತಿದ್ದರು.

“ನನಗೇನು ಗೊತ್ತು? ಅವನು ಕಿವಿಯಲ್ಲಿ ಹೇಳಿದ್ದನ್ನೇ ನಾನು ಹೇಳ್ತಾ ಬಂದೆ,” ಎಂದೆ.

ಸಾಹುಕಾರರಿಗೆ ಏನೋ ಹೊಳೆಯಿತು. “ಅವನ ತಮ್ಮನ ಪಾಲಿನ ಜಮೀನು ಅಳೆದು ಬೇರೆ ಮಾಡೋ ಅರ್ಜಿ ನಿಮ್ಮ ಹತ್ರಾನೇ ಇರ್ಬೇಕಲ್ಲ?”

ಇತ್ತು. ಕುಬಟೂರಿನ ಆ ಕಡತ ನನ್ನ ಮೇಜಿನ ಮೇಲೆಯೇ ಇತ್ತು. ಅದರ ಬಗ್ಗೆ ಅವರು ಒಂದು ದಿನವೂ ನನ್ನ ಹತ್ತಿರ ಬಾಯಿ ಬಿಟ್ಟಿರಲಿಲ್ಲ. “ಇದೆ,” ಎಂದಷ್ಟೇ ಅಂದೆ. ಮಿಕ್ಕಿದ್ದನ್ನು ಅವರವರೇ ಕೂಡಿಸಿಕೊಂಡರು. ಮೋಜಣಿದಾರನನ್ನು ಒಲಿಸಿಕೊಳ್ಳಲು ತೂಕದವನು ತೂಕ ಇಳಿಸಿ ಹೇಳಿದ. ನನ್ನನ್ನು ಖುಷಿಪಡಿಸಲು ಇಳಿಸಿ ಹೇಳುವವನು ಮಂಡಿಯ ಯಜಮಾನನನ್ನು ಖುಷಿಪಡಿಸಲು ರೈತನ ಭತ್ತವನ್ನೂ ಇಳಿಸಿ ಹೇಳದೆ ಬಿಟ್ಟಾನೆಯೇ ಎಂಬ ಮಾತು ಎರಡೇ ದಿನದಲ್ಲಿ ಪೇಟೆ ತುಂಬ ಓಡಾಡಿತು.

ಯಜಮಾನರು ನಮ್ಮೆಲ್ಲರನ್ನೂ ಮಂಡಿಗೆ ಕರೆಸಿದರು. ತೂಕದವರು ತಕ್ಕಡಿಯ ಪಕ್ಕದಲ್ಲಿ, ತೂಗುವಾಗ ನಿಲ್ಲುವ ಹಾಗೆಯೇ, ಕೈ ಹಿಂದೆ ಕಟ್ಟಿ ನಿಂತಿದ್ದರು.

“ಇವ್ರಿಗೆ ಏನು ತೂಕ ಹೇಳಿದ್ದೆ ನೀನು?” ಯಜಮಾನರು ಕೇಳಿದರು.

“ಒಬ್ರದ್ದು ಇನ್ನೊಬ್ರಿಗೆ ಹೇಳಂಗಿಲ್ರಿ ಯಜಮಾನ್ರ. ಸ್ವಾಮಿಯವ್ರು ಇಲ್ಲೇ ಅದಾರಲ್ಲ, ಅವ್ರನ್ನೇ ಕೇಳ್ರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಅವರೂ ನೋಡಿದರು. ಬೇಡುವ ನೋಟವಲ್ಲ ಅದು. ನಾನು ಹೇಳುತ್ತೇನೆ ಎಂದು ಅವರು ನಂಬಿದ್ದರು, ಮುಳ್ಳು ನಿಲ್ಲುವುದನ್ನು ಕಾಯುವ ಹಾಗೆ ಕಾಯುತ್ತಿದ್ದರು. “ಆಗಲೇ ಹೇಳಿದ್ದೀನಲ್ಲ,” ಎಂದು ನಾನು ಗೋಡೆ ನೋಡಿದೆ.

“ಅದೆಲ್ಲ ಹಾಳಾಗ್ಲಿ,” ಎಂದರು ಯಜಮಾನರು. “ಮಂಡೀಲಿ ಬಾಯಿ ಮುಚ್ಚಿ ತೂಗಿದ್ದೇ ಮೊದಲ್ನೇ ತಪ್ಪು. ಲಾಭ ಅಂತ ಕೂಗೋ ತಕ್ಕಡಿ ಮುಂದೆ ಪಿಸುಪಿಸು ಅಂದ್ರೆ ಯಾರು ನಂಬ್ತಾರೆ? ನಾಳೆಯಿಂದ ಬರಬೇಡ.”

ಹೆಡ್‌ಮಾಸ್ತರು ಏನೋ ಹೇಳಲು ಬಾಯಿ ತೆರೆದರು. ಆ ಪಿಸುಮಾತು ಶುರುವಾದದ್ದು ತಮ್ಮ ಮಾನ ಉಳಿಸಲಿಕ್ಕೆ ಎಂಬುದು ಅವರಿಗೆ ನೆನಪಿತ್ತು. ಆದರೆ ಅವರೂ ಸುಮ್ಮನಾದರು. ಅವರು ಸುಮ್ಮನಾದದ್ದೂ ನನ್ನ ಲೆಕ್ಕಕ್ಕೇ ಸೇರಬೇಕು, ಏಕೆಂದರೆ ನಾನು ಬಾಯಿ ಬಿಟ್ಟಿದ್ದರೆ ಅವರೂ ಬಿಡುತ್ತಿದ್ದರು.

ಮರುದಿನ ತೂಕದವರು ಹಾಸಿಗೆಯ ಸುರುಳಿ ಹೊತ್ತು ಕಚೇರಿಯ ಜಗಲಿಗೆ ಬಂದರು. ಜಗಳಕ್ಕೆ ಬಂದಿದ್ದಾರೆ ಎಂದು ನಾನು ಸಿದ್ಧವಾಗಿದ್ದೆ. ಜಗಳ ಆಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

“ಊರಿಗೆ ಹೊಂಟೀನ್ರಿ ಸ್ವಾಮಿ. ತಮ್ಮನ ಜಮೀನಿನ ಅಳತಿ ನೀವು ಮಾಡಬ್ಯಾಡ್ರಿ, ಬ್ಯಾರೆಯವ್ರಿಗೆ ಕೊಟ್‌ಬಿಡ್ರಿ. ಇಲ್ದಿದ್ರ ಜನ ನಿಮ್ಮ ಮ್ಯಾಲೂ ಮಾತಾಡ್ತಾರ.” ಎರಡು ಮೆಟ್ಟಿಲು ಇಳಿದವರು ನಿಂತು, “ನಡಿಯೋದು ಮಾತ್ರ ಬಿಡಬ್ಯಾಡ್ರಿ,” ಎಂದರು.

ನಾನು ನಡೆಯುವುದನ್ನು ಅದೇ ವಾರ ಬಿಟ್ಟೆ. ಕೂಟವೂ ಹೆಚ್ಚು ದಿನ ಉಳಿಯಲಿಲ್ಲ. ಸಿಹಿ ತಿಂದದ್ದನ್ನು ತಾನಾಗಿಯೇ ಹೇಳುವ ಮನಸ್ಸು ಯಾರಿಗೂ ಬರದಂತಾಯಿತು. ಏರಿಯ ಮೇಲೆ ಪೋಸ್ಟ್‌ಮಾಸ್ತರೊಬ್ಬರೇ ಸ್ವಲ್ಪ ದಿನ ಕಾಣುತ್ತಿದ್ದರು.

ಎರಡು ವರ್ಷದ ಮೇಲೆ, ನನಗೆ ಸೊರಬಕ್ಕೆ ವರ್ಗವಾಗಿದ್ದಾಗ, ಕಚೇರಿಗೆ ಬಂದ ಕುಬಟೂರಿನ ರೈತರೊಬ್ಬರ ಬಾಯಲ್ಲಿ ಅವರು ಶಿವಾಧೀನರಾದ ಸುದ್ದಿ ಕೇಳಿದೆ. ಎರಡು ವಾರವಾಗಿತ್ತು. ಜ್ವರ ಎಂದು ಮಲಗಿದವರು ಏಳಲಿಲ್ಲವಂತೆ. ಅಂದು ನನಗೆ ಕಡತದ ಒಂದು ಸಾಲೂ ಓದಲಾಗಲಿಲ್ಲ. ಮರುದಿನ ಮೊದಲ ಬಸ್ಸಿಗೆ ಆನವಟ್ಟಿಗೆ ಹೋಗಿ, ಅಲ್ಲಿಂದ ಕುಬಟೂರಿಗೆ ನಡೆದೆ.

ಅವರ ಹೆಂಡತಿ ಪಡಸಾಲೆಯಲ್ಲಿ ಕೂತಿದ್ದರು. ನಾನು ಯಾರೆಂದು ಹೇಳಿದೆ. ಆಕೆ ಸೆರಗು ಸರಿಮಾಡಿಕೊಂಡು ಕಂಬಳಿ ಹಾಸಿದರು.

“ನಿಮ್ಮ ಹೆಸ್ರು ಹೇಳ್ತಿದ್ರು. ಯಾವಾಗ ಕೇಳಿದ್ರೂ ಒಂದೇ ಮಾತು, ನನ್ನ ಕೈ ತಪ್ತು, ಸ್ವಾಮಿಯವ್ರಿಗೆ ನಾಲ್ಕು ಜನದಾಗ ನನ್ನಿಂದ ಅವಮಾನ ಆತು ಅಂತ.” ನನ್ನ ಮುಖ ನೋಡಿದರು. “ನಾ ನಂಬ್ಲಿಲ್ರಿ. ಆ ಕೈ ನನಗ ಗೊತ್ತಿಲ್ಲೇನು? ನೀವ ಹೇಳ್ರಿ, ಅವ್ರು ತಪ್ಪಿ ಹೇಳಿದ್ರಾ?”

“ಇಲ್ಲಮ್ಮ,” ಎಂದೆ. “ಅವರು ಸರಿಯಾಗೇ ಹೇಳಿದ್ರು. ಸುಳ್ಳು ಹೇಳಿದ್ದು ನಾನು.”

ಆಕೆ ಅಳಲಿಲ್ಲ, ಬೈಯಲಿಲ್ಲ. ಎದ್ದು ಹಿತ್ತಲ ಬಾಗಿಲಿಗೆ ಹೋಗಿ ಮಗನನ್ನು ಕೂಗಿದರು. ಇಪ್ಪತ್ತೈದರ ಹುಡುಗ, ಕೈಗೆ ಹತ್ತಿದ ಮಣ್ಣು ಒರೆಸಿಕೊಳ್ಳುತ್ತಾ ಬಂದು ನಿಂತ. ಅಪ್ಪನ ಹಾಗೆಯೇ ಎತ್ತರ.

“ಇವನ ಮುಂದ ಇನ್ನೊಮ್ಮೆ ಹೇಳ್ರಿ,” ಎಂದರು ಆಕೆ. “ಕಳ್ಳತೂಕದವನ ಮಗ ಅಂತ ಯಾರೋ ಆನವಟ್ಟಿ ಸಂತ್ಯಾಗ ಅಂದ್ರಂತ. ಅವತ್ತಿಂದ ಅಪ್ಪನ ಜೋಡಿ ಮಾತು ಬಿಟ್ಟ. ಒಂದ ಮನ್ಯಾಗ ಎರಡು ವರ್ಷ.”

ಇನ್ನೊಮ್ಮೆ ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ಮೂರು ಸೇರು ಏರಿದ್ದು, ಎರಡು ಸೇರು ಇಳಿಯಿತು ಎಂದದ್ದು, ಯಜಮಾನರ ಮುಂದೆ ಗೋಡೆ ನೋಡಿದ್ದು, ಎಲ್ಲ. ಅವನು ನಿಂತೇ ಕೇಳಿದ.

“ಅಪ್ಪಗ ಗೊತ್ತಿತ್ತಾ, ನೀವು ಸುಳ್ಳು ಹೇಳ್ತಿದ್ದೀರಿ ಅಂತ?”

“ಮೊದಲನೇ ದಿನದಿಂದ ಗೊತ್ತಿತ್ತು.”

ಅವನು ಕೈಯ ಮಣ್ಣನ್ನು ಇನ್ನೊಮ್ಮೆ ಒರೆಸಿಕೊಂಡ. ಆಮೇಲೆ ಕೇಳಿದ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವನ ಹಾಗೆ:

“ಹೋದ ತಿಂಗ್ಳು, ಅಪ್ಪ ಇದ್ದಾಗ, ಯಾಕ ಬರ್ಲಿಲ್ರಿ?”

ಹೋದ ತಿಂಗಳು ನಾನು ಆನವಟ್ಟಿಗೆ ಬಂದಿದ್ದೆ. ಮಧ್ಯಾಹ್ನದೊಳಗೆ ಅಳತೆ ಮುಗಿದಿತ್ತು. ಬಸ್ಸಿಗೆ ಎರಡು ಗಂಟೆ ಹೊತ್ತಿತ್ತು, ಕುಬಟೂರಿಗೆ ಅರ್ಧ ಗಂಟೆಯ ನಡಿಗೆ. ಹೋಟೆಲಿನಲ್ಲಿ ಕೂತು ಹೊಟ್ಟೆ ತುಂಬ ತಿಂದು, ಬಸ್ಸು ಹತ್ತಿ ವಾಪಸು ಹೋಗಿದ್ದೆ. ಅದನ್ನು ಮಾತ್ರ ನಾನು ಅವನಿಗೆ ಹೇಳಲಿಲ್ಲ.